ಕಮೋಡಿನ ಹಿಂದಿನ ಪ್ಲೈವುಡ್

ಕೊಯ್ದ ಪ್ಲೈವುಡ್ಡಿನ ವಾಸನೆ ಬಂದರೆ ಬೇರೆಯವರಿಗೆ ಹೊಸ ಮನೆ ನೆನಪಾಗಬಹುದು. ನನಗೆ ಅತ್ತೆ ನೆನಪಾಗುತ್ತಾರೆ, ಬೆನ್ನಿಗೇ ನಾಚಿಕೆಯೂ ಆಗುತ್ತದೆ. ಇವತ್ತು ಬೆಳಿಗ್ಗೆ ಮಾನ್ಮತ್ ಜಂಕ್ಷನ್ ಎಂಬ ಊರಿನ ನಮ್ಮ ಬೀದಿಯಲ್ಲಿ ಯಾರದೋ ಗರಾಜಿನಿಂದ ಆ ವಾಸನೆ ಬಂತು. ವಾಕಿಂಗ್ ಅರ್ಧಕ್ಕೇ ಬಿಟ್ಟು ಮನೆಗೆ ಬಂದೆ. ಕಾರಣ ಹೇಳುತ್ತೇನೆ, ನಗಬೇಡಿ ಎಂದೇನೂ ಹೇಳುವುದಿಲ್ಲ.

ಕೆಲವು ವರ್ಷಗಳ ಹಿಂದೆ ಅತ್ತೆ, ಎಂದರೆ ಹೆಂಡತಿಯ ತಾಯಿ, ಮೈಸೂರಿನಿಂದ ಮೊದಲ ಸಲ ಈ ದೇಶಕ್ಕೆ ಬರುವವರಿದ್ದರು. ಇಲ್ಲಿಯವರಂತೆ ನೀರಿಲ್ಲದೆ ಬರೀ ಕಾಗದದಲ್ಲಿ ಒರೆಸಿಕೊಳ್ಳಲು ಅವರಿಗೆ ಕಷ್ಟವಾಗಬಾರದೆಂದು ಕಮೋಡಿನ ಪಕ್ಕ ಜೆಟ್ ಸ್ಪ್ರೇ ಹಾಕಿದೆ. ಪ್ಲಂಬರನ್ನು ಕರೆಯೋಣ ಎಂದಳು ನನ್ನ ಹೆಂಡತಿ ಸುಧಾ. ಪ್ರಿನ್ಸ್‌ಟನ್ನಿನಲ್ಲಿ ಔಷಧ ತಯಾರಿಸುವ ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರಿಗೆ ಎರಡು ನಟ್ಟು ತಿರುಗಿಸಲು ಬಾರದೇ ಎಂದೆ. ಆ ಯಂತ್ರಗಳನ್ನು ನಾನು ನೋಡುವುದು ಕಂಪ್ಯೂಟರಿನಲ್ಲಿ ಮಾತ್ರ ಎಂಬುದು ನಮ್ಮೊಳಗೇ ಇರಲಿ. ಊಟಕ್ಕೆ ಬಂದವರನ್ನೆಲ್ಲ ಬಾತ್‌ರೂಮಿಗೆ ಕರೆದೊಯ್ದು ಸ್ಪ್ರೇ ತೋರಿಸಿದೆ.

ಅತ್ತೆ ಟಬ್ಬಿನೊಳಗೆ ಬಕೆಟ್ ಇಟ್ಟುಕೊಂಡು ಚೊಂಬಿನಿಂದ ಸ್ನಾನ ಮಾಡಿದರು, ಆರು ತಿಂಗಳಿದ್ದು ಹೋದರು. ಮರುವರ್ಷ ಬಾತ್‌ರೂಮಿನ ನೆಲದ ಟೈಲ್ ಅಲುಗಾಡತೊಡಗಿತು. ಎಲ್ಲಾ ಅತ್ತೆಯ ಚೊಂಬಿನ ಪ್ರತಾಪ ಎಂದು ಗೆಳೆಯರೆಲ್ಲ ಒಂದೊಂದು ಅಡುಗೆ ತರುವ ಪಾಟ್‌ಲಕ್ ಊಟಗಳಲ್ಲಿ ಹೇಳಿ ನಗಿಸಿದೆ. ಎರಡನೇ ಸಲ ಅವರು ಬಂದ ದಿನವೇ, “ಅತ್ತೆ, ಇಲ್ಲಿ ನೆಲದ ಕೆಳಗೆ ಬರೀ ಮರ. ನೀರು ಚೆಲ್ಲಬೇಡಿ,” ಎಂದುಬಿಟ್ಟೆ. ಆಮೇಲೆ ಅವರು ಸ್ನಾನವಾದ ಮೇಲೆ ಮೊಣಕಾಲೂರಿ ಟವೆಲ್ಲಿನಲ್ಲಿ ನೆಲ ಒರೆಸುತ್ತಿದ್ದರು. ಮೂರನೇ ಸಲ ಕರೆದಾಗ, ಕಾಲುನೋವು, ಬರಲ್ಲ ಎಂದರು.

ಕಳೆದ ಚಳಿಗಾಲ ನನಗೆ ಬಾತ್‌ರೂಮಿಗೆ ಕೆಳಗಿನಿಂದ ಬಿಸಿಯಾಗುವ ಕಲ್ಲಿನ ನೆಲ ಮಾಡಿಸುವ ಹುಚ್ಚು ಹಿಡಿಯಿತು. ಬಂದ ಮೇಸ್ತ್ರಿಯ ಹೆಸರು ಲೂಯಿಸ್. ಮರ ಬಗ್ಗುತ್ತದೆ, ಕಲ್ಲು ಬಗ್ಗುವುದಿಲ್ಲ, ಅದಕ್ಕೇ ಮೊದಲು ನೆಲದ ಕೆಳಗಿನ ತೊಲೆಗಳ ಪಕ್ಕಕ್ಕೆ ಜೋಡುಮರ ಕೊಟ್ಟು, ಇನ್ನೊಂದು ಪದರ ಪ್ಲೈವುಡ್ ಬಿಗಿದು, ಅದರ ಮೇಲೆ ಸಿಮೆಂಟ್ ಬೋರ್ಡು, ಆಮೇಲೆ ಬಿಸಿಮಾಡುವ ತಂತಿ, ಕೊನೆಗೆ ಕಲ್ಲು ಎಂದ. ಹಳೆಯ ಟೈಲ್ ಕಿತ್ತ. ಟಬ್ಬಿನ ಪಕ್ಕದ ಪ್ಲೈವುಡ್ ನಿನ್ನೆ ತಂದದ್ದರಂತೆ ಒಣಗಿತ್ತು. ಕಮೋಡಿನ ಹಿಂದೆ ಮಾತ್ರ ಕಪ್ಪಾಗಿ ಕೊಳೆತು, ಲೂಯಿಸನ ಬೆರಳು ಅದರೊಳಗೆ ಇಳಿಯಿತು. ಅವನು ಜೆಟ್ ಸ್ಪ್ರೇಯ ನಟ್ಟು ಮುಟ್ಟಿ, ಒದ್ದೆಯಾದ ಕೈ ತೋರಿಸಿ, ಇದನ್ನು ಯಾರು ಹಾಕಿದ್ದು ಎಂದು ಕೇಳಿದ.

“ಯಾರೋ ಪ್ಲಂಬರ್,” ಎಂದೆ.

ಬಾಗಿಲಲ್ಲಿದ್ದ ಸುಧಾ ನನ್ನನ್ನೇ ನೋಡುತ್ತಿದ್ದಳು. “ಅಮ್ಮಂಗೆ ನೀವೇ ಫೋನ್ ಮಾಡಿ ಹೇಳಿ,” ಎಂದಳು. ಅಷ್ಟೇ.

ಲೂಯಿಸ್ ಹೊಸ ಪ್ಲೈವುಡ್ ಕೊಯ್ದು ಹಾಸಿ ನೆಲ ಮುಗಿಸಿದ, ಆ ವಾಸನೆ ಮನೆಯಲ್ಲಿ ಬಹಳ ದಿನ ಉಳಿಯಿತು. ನಾನು ಮಾತ್ರ ಆಫೀಸು, ಮೀಟಿಂಗು, ಅಲ್ಲೀಗ ರಾತ್ರಿ ಎಂದು ತಿಂಗಳುಗಟ್ಟಲೆ ತಳ್ಳಿದೆ. ಇವತ್ತು ವಾಕಿಂಗಿನಿಂದ ಬಂದು ಶೂ ಕಳಚಿದವನೇ ಫೋನ್ ಮಾಡಿ, ತಪ್ಪು ನನ್ನದು ಅತ್ತೆ ಎಂದು ಎಲ್ಲ ಹೇಳಿದೆ.

“ಅದು ಸೋರ್ತಿದ್ದದ್ದು ನಂಗೆ ಮೊದಲ ಸಲಾನೇ ಗೊತ್ತಿತ್ತು,” ಎಂದರು ಅತ್ತೆ. “ಅಷ್ಟು ಆಸೆಯಿಂದ ಹಾಕಿದ್ರಿ, ಹೇಗೆ ಹೇಳೋದು? ಕೆಳಗೆ ಮೊಸರಿನ ಡಬ್ಬಿ ಇಟ್ಟು ದಿನಾ ಬೆಳಿಗ್ಗೆ ಚೆಲ್ತಿದ್ದೆ. ಹೋಗೋವಾಗ ಅಲ್ಲೇ ಬಿಟ್ಟು ಹೋದೆ. ಎರಡನೇ ಸಲ ಬಂದಾಗ ಡಬ್ಬಿ ಇರ್ಲಿಲ್ಲ. ಅಷ್ಟರಲ್ಲಿ ನೀವು ನೀರು ಚೆಲ್ಲಬೇಡಿ ಅಂದ್ರಿ. ಆಮೇಲೆ ಹೇಳೋಕೆ ಬಾಯಿ ಬರ್ಲಿಲ್ಲ.”

ಡಬ್ಬಿ ಎಸೆದವನೂ ನಾನೇ. ಅತ್ತೆಗೆ ಎಲ್ಲೆಂದರಲ್ಲಿ ಡಬ್ಬಿ ಇಡುವ ಚಾಳಿ ಎಂದು ಗೊಣಗಿ ರೀಸೈಕಲ್ ಬುಟ್ಟಿಗೆ ಹಾಕಿದ್ದೆ. ಅದನ್ನೂ ಹೇಳಿದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

“ಈ ಸಲ ಬರ್ತೀರಾ, ಅತ್ತೆ?” ಎನ್ನುವಷ್ಟರಲ್ಲಿ ಅತ್ತುಬಿಟ್ಟೆ.

“ಮೊದ್ಲು ಅಳೋದು ನಿಲ್ಸಿ,” ಎಂದರು. “ನೆಲ ಒದ್ದೆ ಆಗತ್ತೆ.”