ಮಾಸ್ಟ್ರ ಪುಸ್ತಕದ ನಾಲ್ಕು ಮಿಲಿಮೀಟರ್

೨೦೨೨ರ ಏಪ್ರಿಲ್‌ನಲ್ಲಿ ನಾನು ಬಿಕರ್ನಕಟ್ಟೆ ಹತ್ತಿರದ ಒಂದು ಗ್ಯಾರೇಜಿನಲ್ಲಿ ಎಂಜಿನ್ ವಿಭಾಗದ ಮೆಕ್ಯಾನಿಕ್ ಆಗಿದ್ದೆ. ಆ ವಿಭಾಗಕ್ಕೆ ಬಂದು ಒಂದೇ ತಿಂಗಳಾಗಿತ್ತು. ಅದಕ್ಕೆ ಮೊದಲು ಹನ್ನೊಂದು ವರ್ಷ ಜನರಲ್ ಸರ್ವಿಸ್‌ನಲ್ಲಿದ್ದೆ. ಅಂದರೆ ಆಯಿಲ್ ಬದಲಿಸುವುದು, ಬ್ರೇಕ್ ನೋಡುವುದು, ಇಂಥ ಕೆಲಸ. ಹರೀಶನನ್ನು ಎಂಜಿನ್ ಕೆಲಸಕ್ಕೆ ಹಾಕಿ ಎಂದು ನಮ್ಮ ಧಣಿ ಶೆಟ್ರಿಗೆ ಹೇಳಿದವರು ಹೆಡ್ ಮೆಕ್ಯಾನಿಕ್ ವಾಮನಣ್ಣ.

ಆ ವಾಮನಣ್ಣ ಈಗ್ಗೆ ಎರಡು ತಿಂಗಳ ಹಿಂದೆ ತೀರಿಕೊಂಡರು. ಕುದ್ರೋಳಿಯ ಅವರ ಮನೆಯಲ್ಲಿ ಉತ್ತರಕ್ರಿಯೆಯ ದಿನ ನನಗೆ ಎರಡು ಮಾತಾಡಲು ಹೇಳಿದರು. ಎದ್ದು ನಿಂತೆ, ಕೈಮುಗಿದು ಕೂತುಬಿಟ್ಟೆ. ಅಂದು ಹೇಳಬೇಕೆಂದಿದ್ದದ್ದು ಈ ಒಂದು ಗಾಡಿಯ ವಿಷಯ.

ಗಾಡಿ ಶಕ್ತಿನಗರದ ಶ್ರೀಪತಿ ಮಾಸ್ಟ್ರದ್ದು. ಅವರು ನಿವೃತ್ತ ಗಣಿತ ಅಧ್ಯಾಪಕರು, ದೇವಸ್ಥಾನದ ಅರ್ಚಕರ ಮನೆತನದವರು. ಹನ್ನೆರಡು ವರ್ಷದ ಅವರ ಸಣ್ಣ ಪೆಟ್ರೋಲ್ ಕಾರು ಆಯಿಲ್ ಕುಡಿಯತೊಡಗಿತ್ತು. ಪಿಸ್ಟನ್‌ಗೆ ಸುತ್ತಿರುವ ರಿಂಗ್‌ಗಳು ಸವೆದರೆ ಎಂಜಿನ್ ಆಯಿಲ್ ಮೇಲೆ ನುಗ್ಗಿ ಪೆಟ್ರೋಲ್ ಜತೆ ಉರಿದುಹೋಗುತ್ತದೆ. ಎಂಜಿನ್ ಇಳಿಸಿ ಹೊಸ ರಿಂಗ್ ಹಾಕಬೇಕಾಯಿತು. ನಾನು ಒಬ್ಬನೇ ಮಾಡಿದ ಮೊದಲ ಪೂರ್ತಿ ಎಂಜಿನ್ ಅದು. ಮೂರೂಕಾಲು ಲೀಟರ್ ಹೊಸ ಆಯಿಲ್ ಹಾಕಿ, ಜಾಬ್ ಕಾರ್ಡಿಗೆ ನನ್ನ ಸಹಿ ಹಾಕಿ ಕಳುಹಿಸಿದೆ.

ಹತ್ತು ದಿನ ಕಳೆದು ಮಾಸ್ಟ್ರು ಬಂದರು, ಕೈಯಲ್ಲಿ ಒಂದು ಗ್ರಾಫ್ ಪುಸ್ತಕ. ಗಾಡಿ ಆಯಿಲ್ ಕುಡಿಯಲು ಶುರು ಮಾಡಿದಂದಿನಿಂದ ಅವರು ದಿನಾ ಬೆಳಿಗ್ಗೆ ಆರೂವರೆಗೆ, ಎಂಜಿನ್ ಚಾಲು ಮಾಡುವ ಮೊದಲು, ಡಿಪ್‌ಸ್ಟಿಕ್ ಎಳೆದು ನೋಡುತ್ತಿದ್ದರು. ಡಿಪ್‌ಸ್ಟಿಕ್ ಅಂದರೆ ಆಯಿಲ್ ಎಷ್ಟಿದೆ ಎಂದು ತೋರಿಸುವ ಉದ್ದದ ಕಡ್ಡಿ. ಅದರ ತುದಿಯಲ್ಲಿ ಎರಡು ಗುರುತು ಇರುತ್ತವೆ. ಆಯಿಲ್ ಕೆಳಗಿನದಕ್ಕಿಂತ ಮೇಲೆ, ಮೇಲಿನದಕ್ಕಿಂತ ಕೆಳಗೆ ಇರಬೇಕು. ಆ ಗಾಡಿಯಲ್ಲಿ ಎರಡರ ನಡುವೆ ಇಪ್ಪತ್ತು ಮಿಲಿಮೀಟರ್ ಅಂತರ, ಸುಮಾರು ಒಂದು ಲೀಟರ್. ಮಾಸ್ಟ್ರು ಕೆಳಗಿನ ಗುರುತಿನಿಂದ ಸ್ಕೇಲ್ ಹಿಡಿದು ಅಳೆದು ಬರೆಯುತ್ತಿದ್ದರು.

"ಹರೀಶ, ಮೊದಲು ವಾರಕ್ಕೆ ಇಷ್ಟು ಅಂತ ಕುಡೀತಿತ್ತು. ನೀನು ರಿಪೇರಿ ಮಾಡಿದ ಮೇಲೆ ಗಾಡಿ ಒಂದೇ ರಾತ್ರಿಗೆ ಅಷ್ಟೂ ಕುಡಿದು ಮುಗಿಸಿದೆ. ಇವತ್ತೂ ನಾಲ್ಕೇ ಮಿಲಿಮೀಟರ್."

ನಾನು ಅವರೆದುರೇ ಕಡ್ಡಿ ಎಳೆದು ಒರೆಸಿ, ಮತ್ತೆ ಹಾಕಿ ತೆಗೆದೆ. ಆಯಿಲ್ ಮೇಲಿನ ಗುರುತಿನ ಹತ್ತಿರ, ಹದಿನೆಂಟರಲ್ಲಿತ್ತು. "ನೋಡಿ ಮಾಸ್ಟ್ರೇ, ಫುಲ್ ಉಂಟು."

"ಇಲ್ಲಿ ಉಂಟು, ನನ್ನ ಮನೆಯಲ್ಲಿ ಇಲ್ಲ. ನಾನು ಈಗ ನಿಮ್ಮ ಆಫೀಸಿನಲ್ಲಿ ಕೂತಿದ್ದಾಗ ನೀವು ಆಯಿಲ್ ಹಾಕಿದಿರಾ ಅಂತ ಕೇಳಿದರೆ ನಿಮಗೆ ಬೇಸರ ಆಗ್ತದೆ."

ಬೇಸರ ಆಗಿಯೇಬಿಟ್ಟಿತು. "ಕನ್ನಡಕ ಒಮ್ಮೆ ಡಾಕ್ಟ್ರಿಗೆ ತೋರಿಸಿ ಮಾಸ್ಟ್ರೇ" ಎಂದುಬಿಟ್ಟೆ. ಅವರು ಪುಸ್ತಕ ಮಡಚಿಕೊಂಡು ಹೋದರು.

ಮೂರು ವಾರದ ಮೇಲೆ ಅದೇ ಗಾಡಿ ನೀಲಿ ಹೊಗೆ ಬಿಡುತ್ತಾ ಬಂತು. ನಮ್ಮನ್ನು ನಂಬದೆ ಮಾಸ್ಟ್ರು ಮನೆಯಲ್ಲೇ ಮೂರು ಸಲ, ಒಟ್ಟು ಮುಕ್ಕಾಲು ಲೀಟರ್ ಆಯಿಲ್ ಹಾಕಿದ್ದರು. ಕಡ್ಡಿ ಎಳೆದರೆ ಆಯಿಲ್ ಮೇಲಿನ ಗುರುತು ದಾಟಿ ಎಷ್ಟೋ ಮೇಲಿತ್ತು. ಪಕ್ಕದಲ್ಲಿ ಕೆಲಸ ಮಾಡುತ್ತಿದ್ದ ಲ್ಯಾನ್ಸಿ ಬಗ್ಗಿ ನೋಡಿ, "ಮಾಸ್ಟ್ರು ನಂದಾದೀಪಕ್ಕೆ ಹಾಕಿದ ಹಾಗೆ ಹಾಕಿದ್ದಾರೆ" ಎಂದ. ಎಲ್ಲರೂ ನಕ್ಕರು. ಶೆಟ್ರು ನಗಲಿಲ್ಲ.

"ಸುಮ್ಮನೆ ಹಾಕ್ಲಿಕ್ಕೆ ಅವರಿಗೆ ಹುಚ್ಚಾ? ಕಡಿಮೆ ಆಗ್ತಾ ಉಂಟು, ಹಾಕಿದ್ದಾರೆ. ರಿಂಗ್ ಸರಿ ಕೂತಿಲ್ಲ. ಸೋಮವಾರ ಎಂಜಿನ್ ಬಿಚ್ಚಿ. ಹರೀಶ ಮುಟ್ಟುವುದು ಬೇಡ, ಅವನು ಪುನಃ ಜನರಲಿಗೆ ಹೋಗಲಿ."

ಶೆಟ್ರು ಹಾಗೆ ಅಂದುಕೊಂಡದ್ದರಲ್ಲಿ ತಪ್ಪಿರಲಿಲ್ಲ. ವಾಮನಣ್ಣ ಕಂಪ್ರೆಶನ್ ಪರೀಕ್ಷೆ ಮಾಡಿದರು. ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಪರೀಕ್ಷೆ ಅದು. ಎಲ್ಲವೂ ಸಮ ಬಂತು. ಆದರೆ ಅದು ಹೇಳುವುದು ಮೇಲಿನ ರಿಂಗ್‌ಗಳ ಸಂಗತಿ. ಆಯಿಲ್ ತಡೆಯುವ ಕೆಳಗಿನ ರಿಂಗ್ ತಪ್ಪಿದ್ದರೆ ಅದರಲ್ಲಿ ತಿಳಿಯುವುದಿಲ್ಲ. ಆ ರಿಂಗ್ ಹಾಕಿದ ಗಳಿಗೆಯನ್ನು ನಾನು ಎಷ್ಟು ನೆನಪಿಸಿಕೊಂಡರೂ ಸ್ಪಷ್ಟವಾಗಲಿಲ್ಲ. ಹನ್ನೊಂದು ವರ್ಷ ಕಾದು ಸಿಕ್ಕಿದ ಕೆಲಸ ಹೋಯಿತು ಎಂದೇ ಅಂದುಕೊಂಡೆ.

ವಾಮನಣ್ಣ ಮಾಸ್ಟ್ರ ಹತ್ತಿರ ಆ ಗ್ರಾಫ್ ಪುಸ್ತಕ ಕೇಳಿ ತೆಗೆದುಕೊಂಡರು. ಚಾ ಆರಿಹೋಗುವ ತನಕ ಒಂದೊಂದೇ ಹಾಳೆ ತಿರುವಿದರು. ಹನ್ನೊಂದು ವರ್ಷದಲ್ಲಿ ಗಿರಾಕಿ ತಂದ ಕಾಗದವನ್ನು ಅಷ್ಟು ಮರ್ಯಾದೆಯಿಂದ ಓದಿದ ಮೆಕ್ಯಾನಿಕ್‌ನನ್ನು ನಾನು ನೋಡಿರಲಿಲ್ಲ. ಆಮೇಲೆ ನನ್ನನ್ನು ಕರೆದರು.

"ಇಲ್ಲಿ ನೋಡು. ರಿಪೇರಿಗೆ ಮೊದಲು ಹದಿನೆಂಟು, ಹದಿನೇಳು, ಹದಿನಾರು, ಮೆಲ್ಲಮೆಲ್ಲ ಇಳಿದಿದೆ. ಇದು ಕುಡುಕನ ಗೆರೆ. ರಿಪೇರಿ ಆದ ಮೇಲೆ? ಮೊದಲ ದಿನವೇ ನಾಲ್ಕು. ಮತ್ತೆ ಹತ್ತು ದಿನ ನಾಲ್ಕು, ನಾಲ್ಕು, ಐದು, ನಾಲ್ಕು. ಕುಡುಕ ಒಂದು ರಾತ್ರಿ ಕುಡಿದು ಹತ್ತು ದಿನ ಉಪವಾಸ ಕೂತುಕೊಳ್ತಾನಾ ಮಾರಾಯ?"

"ಮಾಸ್ಟ್ರು ತಪ್ಪು ಓದಿರಬಹುದು" ಎಂದೆ.

"ಹತ್ತು ದಿನ ಒಂದೇ ಲೆಕ್ಕ ಬಂದರೆ ಅದು ಓದಿದವರ ತಪ್ಪಲ್ಲ. ನಿನಗೂ ಕಡ್ಡಿ ಹದಿನೆಂಟು ತೋರಿಸಿತ್ತಲ್ಲ, ಅದೂ ಸುಳ್ಳಲ್ಲ. ಹಾಗಾದರೆ ಎಂತ ಬದಲಾಯ್ತು?"

ವಾಮನಣ್ಣ ಶೆಟ್ರ ಹತ್ತಿರ ಹೋಗಿ ಎರಡು ದಿನದ ಸಮಯ ಕೇಳಿದರು. "ಬಿಚ್ಚುವುದು ಯಾವಾಗ ಬೇಕಾದರೂ ಉಂಟಲ್ಲ ಶೆಟ್ರೇ." ಗ್ಯಾರೇಜಿನ ಸಮತಟ್ಟು ನೆಲದಲ್ಲಿ ಹೆಚ್ಚಾದ ಆಯಿಲ್ ತೆಗೆದು ಸರಿಯಾಗಿ ಹದಿನೆಂಟಕ್ಕೆ ನಿಲ್ಲಿಸಿ, ಸಂಜೆ ಗಾಡಿಯನ್ನು ಮಾಸ್ಟ್ರ ಕೈಗೇ ಕೊಟ್ಟರು. ದಿನಾ ನಿಲ್ಲಿಸುವ ಹಾಗೆಯೇ ನಿಲ್ಲಿಸಿ, ಬೆಳಿಗ್ಗೆ ನಾವು ಬರುವ ತನಕ ಮುಟ್ಟಬೇಡಿ ಎಂದರು.

ಮರುದಿನ ಆರೂಕಾಲಕ್ಕೆ ವಾಮನಣ್ಣನ ಸ್ಕೂಟರಿನಲ್ಲಿ ಶಕ್ತಿನಗರಕ್ಕೆ ಹೋದೆವು. ರಸ್ತೆಯಿಂದ ಮನೆಯ ಅಂಗಳಕ್ಕೆ ಹತ್ತುವ ಕಾಂಕ್ರೀಟ್ ಏರಿನಲ್ಲಿ ಗಾಡಿ ಮೂತಿ ಮೇಲೆ ಮಾಡಿ ನಿಂತಿತ್ತು. ಮಾಸ್ಟ್ರು ಸ್ನಾನ, ಜಪ ಮುಗಿಸಿ ಒದ್ದೆ ತಲೆಯಲ್ಲೇ ಬಂದರು. ಬಾನೆಟ್ ಎತ್ತಿದರು, ಕಡ್ಡಿ ಎಳೆದರು, ನೂಲು ಬಿಡದ ಬಟ್ಟೆಯಲ್ಲಿ ಒರೆಸಿದರು, ತುದಿ ಮುಟ್ಟುವ ತನಕ ಒತ್ತಿ ಹಾಕಿದರು, ನೆಟ್ಟಗೆ ತೆಗೆದು ಬೆಳಕಿಗೆ ಹಿಡಿದರು. ನಮ್ಮ ಗ್ಯಾರೇಜಿನಲ್ಲೂ ಯಾರೂ ಅಷ್ಟು ಚೊಕ್ಕವಾಗಿ ಮಾಡುವುದಿಲ್ಲ. ವಾಮನಣ್ಣ ಹಿಂದೆ ಕೈಕಟ್ಟಿ ವಿದ್ಯಾರ್ಥಿಯ ಹಾಗೆ ನೋಡುತ್ತಿದ್ದರು.

"ನಾಲ್ಕು" ಎಂದರು ಮಾಸ್ಟ್ರು. ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ.

ವಾಮನಣ್ಣ ಮೇಲೆ ಅಂಗಳದತ್ತ ನೋಡುತ್ತಿದ್ದರು. ಅಲ್ಲಿ ಮಾಸ್ಟ್ರ ಹೆಂಡತಿ ಸಾವಿತ್ರಮ್ಮ ಚಾಪೆ ಹಾಸಿ ಹಲಸಿನ ಹಪ್ಪಳ ಹರಡುತ್ತಿದ್ದರು. ಅಂಗಳ ತುಂಬ ಚಾಪೆಗಳು.

"ಅಮ್ಮಾ, ಹಪ್ಪಳ ಯಾವಾಗ ಶುರು ಮಾಡಿದ್ದು?"

"ಗಾಡಿ ರಿಪೇರಿಗೆ ಹೋದ ವಾರವೇ. ಅಂಗಳ ಖಾಲಿ ಸಿಕ್ಕಿತಲ್ಲ. ಗಾಡಿ ಬಂದ ದಿನ ಇವರು ಒಳಗೆ ತರ್ಲಿಕ್ಕೆ ಹೊರಟರು. ನಾನು ಬಿಡಲಿಲ್ಲ. ಮಳೆಗಾಲಕ್ಕೆ ಹಪ್ಪಳದ ಬದಲು ಇವರ ಗಾಡಿಯನ್ನು ಕಾಯಿಸಿ ತಿನ್ಲಿಕ್ಕೆ ಆಗ್ತದಾ?"

ವಾಮನಣ್ಣ ನಕ್ಕರು. "ಎರಡು ಚಾಪೆ ಅರ್ಧ ಗಂಟೆ ಸರಿಸಬಹುದಾ ಅಮ್ಮಾ?"

ನಾನೂ ಸಾವಿತ್ರಮ್ಮನೂ ಚಾಪೆ ಎತ್ತಿದೆವು. ಮಾಸ್ಟ್ರು ಗಾಡಿಯನ್ನು ಅಂಗಳದ ಸಮತಟ್ಟಿಗೆ ತಂದು ನಿಲ್ಲಿಸಿದರು. ಚಾಲು ಮಾಡಿದಾಗ ಮೇಲೇರಿದ ಆಯಿಲ್ ಪೂರಾ ಕೆಳಗಿಳಿಯಲಿ ಎಂದು ಕಾದೆವು. ಸಾವಿತ್ರಮ್ಮ ಬೆಲ್ಲ ನೀರು ಕೊಟ್ಟರು. ಹದಿನೈದು ನಿಮಿಷ ಕಳೆದ ಮೇಲೆ ವಾಮನಣ್ಣ ಹೇಳಿದರು, "ನೀವೇ ನೋಡಿ ಮಾಸ್ಟ್ರೇ."

ಮಾಸ್ಟ್ರು ಮೂರು ಸಲ ನೋಡಿದರು. ಹದಿನೆಂಟು.

ಎಂಜಿನ್‌ನ ಅಡಿಯಲ್ಲಿ ಆಯಿಲ್ ನಿಲ್ಲುವ ತಟ್ಟೆಯನ್ನು ನಾವು ಚೇಂಬರ್ ಅನ್ನುತ್ತೇವೆ. ಆ ಗಾಡಿಯ ಕಡ್ಡಿ ಇಳಿಯುವುದು ಚೇಂಬರಿನ ಮುಂಭಾಗಕ್ಕೆ. ಮೂತಿ ಮೇಲಾದರೆ ಆಯಿಲ್ ಹಿಂದಕ್ಕೆ ಸರಿಯುತ್ತದೆ, ಕಡ್ಡಿಗೆ ಕಡಿಮೆ ತಾಗುತ್ತದೆ. ಅದನ್ನು ನಂಬಿ ಮೇಲಿಂದ ಆಯಿಲ್ ಹಾಕಿದರೆ ಒಳಗೆ ತಿರುಗುವ ಕ್ರ್ಯಾಂಕ್ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ, ಆಯಿಲ್ ಎಂಜಿನ್ ಗಾಳಿ ಎಳೆಯುವ ಕೊಳವೆಗೆ ಸೇರಿ ಉರಿದು ಹೊಗೆಯಾಗುತ್ತದೆ. ಹೊಗೆ ಕಂಡವರು ರಿಂಗ್ ಹೋಯಿತು ಅನ್ನುತ್ತಾರೆ. ಇದನ್ನೆಲ್ಲ ವಾಮನಣ್ಣ ಅಲ್ಲಿ ಹೇಳಲೇ ಇಲ್ಲ. ಮಾಸ್ಟ್ರು ತಾವಾಗಿ ಹೇಳಲಿ ಎಂದು ಲೋಟ ಹಿಡಿದು ಕೂತಿದ್ದರು.

ಮಾಸ್ಟ್ರು ಏರನ್ನು ಒಮ್ಮೆ, ಅಂಗಳವನ್ನು ಒಮ್ಮೆ ನೋಡಿ ಜಗಲಿಯಲ್ಲಿ ಕೂತರು. "ಕೋನಗಳ ಪಾಠ ಮೂವತ್ತೈದು ವರ್ಷ ಮಾಡಿದ್ದೇನೆ, ವಾಮನ" ಎಂದರು.

"ನಿಮ್ಮ ಪುಸ್ತಕ ಸರಿ ಉಂಟು ಮಾಸ್ಟ್ರೇ. ಗಾಡಿ ಎಲ್ಲಿ ನಿಂತಿತ್ತು ಅನ್ನುವ ಒಂದು ಕಾಲಂ ಕಡಿಮೆ ಇತ್ತು, ಅಷ್ಟೇ."

ನಾನು ಕನ್ನಡಕದ ಮಾತಿಗೆ ಕ್ಷಮೆ ಕೇಳಿದೆ. "ಕನ್ನಡಕ ಹೊಸತೇ ಮಾರಾಯ" ಎಂದರು ಮಾಸ್ಟ್ರು.

ಗಾಳಿಯ ಕೊಳವೆಯಲ್ಲಿ ಉಳಿದಿದ್ದ ಆಯಿಲ್ ಉರಿದು ಮುಗಿದ ಮೇಲೆ, ನಾಲ್ಕೈದು ದಿನದಲ್ಲಿ ಹೊಗೆ ನಿಂತಿತು. ವಾಮನಣ್ಣ ಶೆಟ್ರಿಗೆ ವರದಿ ಒಪ್ಪಿಸುವಾಗ ತಮ್ಮ ಹೆಸರು ತರಲಿಲ್ಲ, ಮಾಸ್ಟ್ರು ಬರೆದಿಡದಿದ್ದರೆ ಒಳ್ಳೆಯ ಎಂಜಿನ್ ಬಿಚ್ಚಿ ಹಾಳು ಮಾಡುತ್ತಿದ್ದೆವು ಎಂದರು. ನಾನು ಎಂಜಿನ್ ವಿಭಾಗದಲ್ಲೇ ಉಳಿದೆ. ಈಗ ಅದನ್ನು ನಾನೇ ನೋಡಿಕೊಳ್ಳುತ್ತೇನೆ.

ಓದುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತೇನೆ: ಆಯಿಲ್ ನೋಡುವಾಗ ಗಾಡಿ ಸಮತಟ್ಟು ನೆಲದಲ್ಲಿರಲಿ. ಎಂಜಿನ್ ನಿಲ್ಲಿಸಿ ಹತ್ತು ನಿಮಿಷವಾದರೂ ಕಾಯಿರಿ. ಕಡ್ಡಿ ಒರೆಸಿ, ಪೂರ್ತಿ ಒತ್ತಿ ಹಾಕಿ ತೆಗೆಯಿರಿ. ಮೇಲಿನ ಗುರುತು ದಾಟಿಸಬೇಡಿ. ನಮ್ಮೂರಿನಲ್ಲಿ ಏರು ಇಳಿತ ಇಲ್ಲದ ಮನೆ ಕಡಿಮೆ. ಅದಕ್ಕೇ ನಮ್ಮ ಜಾಬ್ ಕಾರ್ಡಿನಲ್ಲಿ ಗಾಡಿ ಎಲ್ಲಿ ನಿಲ್ಲಿಸುತ್ತೀರಿ ಎಂದು ಕೇಳಿ ಬರೆಯುತ್ತೇವೆ. ಗಿರಾಕಿ ಹೇಳಿದ್ದಕ್ಕೂ ನಾವು ಕಂಡದ್ದಕ್ಕೂ ತಾಳೆಯಾಗದಿದ್ದರೆ, ಒಬ್ಬರನ್ನು ಸುಳ್ಳು ಮಾಡುವ ಮೊದಲು ಅವರು ನಿಂತ ಜಾಗಕ್ಕೆ ಹೋಗಿ ನೋಡಬೇಕು. ಈ ಕೆಲಸ ನನಗೆ ಕಲಿಸಿದ್ದರಲ್ಲಿ ಇದೇ ದೊಡ್ಡದು.

ಅಂದು ಶಕ್ತಿನಗರದಿಂದ ಹಿಂದೆ ಬರುವಾಗ ಸ್ಕೂಟರಿನಲ್ಲಿ ನಾನು ಕೇಳಿದ್ದೆ, "ವಾಮನಣ್ಣ, ನನ್ನ ಕೆಲಸ ಸರಿ ಉಂಟು ಅಂತ ನಿಮಗೆ ಗೊತ್ತಿತ್ತಾ?"

"ಇಲ್ಲ. ರಿಂಗ್ ನೀನು ತಪ್ಪು ಹಾಕಿರಬಹುದು ಅಂತಲೂ ಇತ್ತು."

"ಹಾಗಿದ್ದಿದ್ದರೆ?"

"ಹಾಗಿದ್ದಿದ್ದರೆ ಎಂತ, ಇಬ್ಬರೂ ಕೂತು ಬಿಚ್ಚುವುದು, ಸರಿ ಮಾಡುವುದು. ನೋಡದೆ ಬಿಚ್ಚಿದ್ದರೆ ತಪ್ಪು ನಿನ್ನದಾ ಅಲ್ಲವಾ ಅಂತ ಯಾವತ್ತೂ ಗೊತ್ತಾಗ್ತಿರಲಿಲ್ಲ. ಮತ್ತೆ ನೀನು ಜನ್ಮ ಇಡೀ ಹೆದರಿಕೊಂಡು ರಿಂಗ್ ಹಾಕ್ತಿದ್ದೆ."

ಅದಾದ ಮೇಲೆ ಎಷ್ಟೋ ಎಂಜಿನ್‌ಗಳಿಗೆ ರಿಂಗ್ ಹಾಕಿದ್ದೇನೆ. ಹೆದರಿಕೊಂಡು ಹಾಕಿದ್ದು ಒಂದೂ ಇಲ್ಲ.