ಯಾವ ಸಾಲಿಗೆ?

ಕೊರಳಿಗೆ ಹಾರ ಬಿತ್ತೋ ಇಲ್ಲವೋ, ಅದನ್ನು ತೆಗೆದು ಕೈಗೆ ಸುತ್ತಿಕೊಂಡು ನಮ್ಮ ಶಾಸಕರು ಕೇಳುತ್ತಿದ್ದದ್ದು ಒಂದೇ ಮಾತು: "ಅದಿರ್ಲಿ, ಏನ್ ಬೇಕಾಗೇತಿ ಹೇಳ್ರಿ." ಮಾಸೂರು ಕಡೆಯ ಹುಡುಗಿಯರು ಒಮ್ಮೆ ಬಸ್ಸು ಕೇಳಿದರು.

ಅಧಿವೇಶನದಲ್ಲಿ ಅವರು ಎದ್ದು ನಿಂತದ್ದನ್ನು ನಾವು ಚಹಾದಂಗಡಿಯ ಟಿವಿಯಲ್ಲಿ ನೋಡಿದೆವು. "ನಮ್ಮ ಹುಡುಗ್ಯಾರಿಗೆ ಸಾಲಿಗೆ ಬಸ್ ಬೇಕ್ರಿ" ಅಂದರು. ಶಾಲೆಗೆ ನಾವು ಸಾಲಿ ಅನ್ನುವುದು ಬೆಂಗಳೂರು ಕಡೆಯ ಮಂತ್ರಿಗಳಿಗೆ ತಿಳಿಯದು. ಅವರು ಬಜೆಟ್ಟಿನ ಸಾಲು ಅಂದುಕೊಂಡರು. "ಯಾವ ಸಾಲಿಗೆ? ಈ ಸಾಲಿಗೋ, ಮುಂದಿನ ಸಾಲಿಗೋ?"

"ಹಿರೇಕೆರೂರ ಸಾಲಿಗ್ರೀ! ಗಂಟಿ ಹೊಡ್ಯೂದ್ರಾಗ ಮುಟ್ಟಬೇಕ್ರಿ!"

ಸದನವೆಲ್ಲ ನಕ್ಕಿತು. ಮಂತ್ರಿಗಳೂ ನಕ್ಕು ಅಲ್ಲೇ ಒಪ್ಪಿದರು.

ಬಸ್ಸು ಬಂದ ಮೊದಲ ಮುಂಜಾನೆ ಕಂಡಕ್ಟರ್ ಬಾಗಿಲಲ್ಲಿ ನಿಂತು ಕೂಗಿದ: "ಈ ಸಾಲಿಗೆ ಬರ್ರೀ, ಈ ಸಾಲಿಗೆ!" ಹುಡುಗಿಯರು ನಗುತ್ತ ಹತ್ತಿದರು. ಆ ದಿನ ಕೊರಳಿಗೆ ಬಿದ್ದ ಹಾರವನ್ನು ಮಾತ್ರ ಶಾಸಕರು ತೆಗೆಯಲಿಲ್ಲ.