ಚರ್ಮದ ವಾಷರ್ ಬೇಡವೆಂದವನು

ಮೊನ್ನೆ ಇಲ್ಲಿ ಅಮೆರಿಕದ ಮಾರಿಸ್‌ಟೌನಿನ ಚಪ್ಪಲಿ ರಿಪೇರಿ ಅಂಗಡಿಯಲ್ಲಿ ಬೆಲ್ಟಿಗೆ ಇನ್ನೊಂದು ತೂತು ಹಾಕಿಸಲು ನಿಂತಿದ್ದೆ. ಒಳಗಿನಿಂದ ನೆನೆಸಿಟ್ಟ ಚರ್ಮದ ವಾಸನೆ ಬಂತು. ಬೆಲ್ಟನ್ನು ಅಲ್ಲೇ ಬಿಟ್ಟು ಹೊರಗೆ ಬಂದುಬಿಟ್ಟೆ. ವಾಸನೆಗಲ್ಲ... ಮಹಡಿಯ ಮೇಷ್ಟ್ರು ನೆನಪಾದರು, ಅವರ ಜೊತೆಗೆ ಆಗಿನ ನಾನೂ ನೆನಪಾದೆ.

ಎಪ್ಪತ್ತರ ದಶಕದ ಮೊದಲ ವರ್ಷಗಳವು. ಜರ್ಸಿ ಸಿಟಿಯ ಹಳೇ ಮರದ ಮನೆಯಲ್ಲಿ ಕೆಳಗೆ ನಾನು, ನನ್ನ ಹೆಂಡತಿ. ಮೇಲೆ ಆಫ್ರಿಕಾದ ಮಲಾವಿಯಿಂದ ಹೆಚ್ಚಿನ ಓದಿಗೆ ಬಂದಿದ್ದ ಆ ಮೇಷ್ಟ್ರು. ಭಾನುವಾರ ಮುಸುಕಿನ ಜೋಳದ ಹಿಟ್ಟಿನಲ್ಲಿ ಥೇಟ್ ನಮ್ಮ ಮುದ್ದೆಯಂಥದ್ದನ್ನೇ ತಿರುವಿ ತರುತ್ತಿದ್ದರು. ನಮ್ಮ ಹುಳಿಗೆ ಅದ್ದಿಕೊಂಡು ಮೂವರೂ ತಿನ್ನುತ್ತಿದ್ದೆವು. ಅವರ ಒಂಬತ್ತು ವರ್ಷದ ಮಗಳು ಊರಲ್ಲಿ ಶಾಲೆ ತಪ್ಪಿಸಿ, ಗುಂಡಿಯ ಕೆಸರು ನೀರು ಹೊರುತ್ತಿದ್ದಳು.

ನಾನು ಹ್ಯಾರಿಸನ್ನಿನ ಒಂದು ಪಂಪ್ ಕಾರ್ಖಾನೆಯಲ್ಲಿ ಎಂಜಿನಿಯರ್. ಸಹಾಯದ ಯೋಜನೆಯೊಂದರಲ್ಲಿ ಅವರ ಜಿಲ್ಲೆಗೆ ಹೋಗಲಿದ್ದ ಕೈಪಂಪುಗಳ ಡಿಸೈನ್ ನಮ್ಮಲ್ಲೇ ನಡೆದಿತ್ತು. ಸುದ್ದಿ ಕೇಳಿ ಮೇಷ್ಟ್ರು ಹಿಗ್ಗಿಹೋದರು.

ಒಂದು ಮೀಟಿಂಗ್‌ನಲ್ಲಿ ಪ್ರಶ್ನೆ ಬಂತು: ಒಳಗೆ ಸವೆಯುವ ವಾಷರ್ ಚರ್ಮದ್ದಿರಲೋ, ರಬ್ಬರಿನದ್ದೋ? ಚರ್ಮ ತಾಗಿದ ನೀರನ್ನು ಹಳ್ಳಿಯವರು ಕುಡಿದಾರೆಯೇ? ಎಲ್ಲರೂ ನನ್ನತ್ತ ತಿರುಗಿದರು. ಬಡ ದೇಶದಿಂದ ಬಂದವನು ಅಲ್ಲಿ ನಾನೊಬ್ಬನೇ. ನಮ್ಮಜ್ಜಿ ಮೈಸೂರಿನಲ್ಲಿ, ನಲ್ಲಿಯೊಳಗೆ ಚರ್ಮದ ವಾಷರ್ ಇದೆಯೆಂದು ಸಾಯುವವರೆಗೂ ನಲ್ಲಿ ನೀರು ಮುಟ್ಟಿದವರಲ್ಲ. ಮಡಿಯಲ್ಲಿ ಬಾವಿಯಿಂದ ಸೇದಿದ್ದೇ ಆಗಬೇಕಿತ್ತು. ನಾನು ಗತ್ತಿನಿಂದ ಹೇಳಿದೆ: "ದೇ ವಿಲ್ ನೆವರ್ ಡ್ರಿಂಕ್ ಇಟ್." ರಬ್ಬರ್ ಎಂದು ಬರೆದುಕೊಂಡರು. ಮಲಾವಿಯನ್ನು ಭೂಪಟದಲ್ಲಿ ತೋರಿಸಲೂ ಬಾರದ ನಾನು, ಸಂಜೆ ಹೆಂಡತಿಯ ಮುಂದೆ ಜಂಬ ಕೊಚ್ಚಿಕೊಂಡೆ.

ಮೇಷ್ಟ್ರ ಊರಿಗೆ ಪಂಪು ಬಂತು, ಒಂದು ವರ್ಷ ನಡೆಯಿತು. ಆಮೇಲೆ ರಬ್ಬರ್ ಸವೆಯಿತು. ಹೊಸದು ನಮ್ಮ ಕಾರ್ಖಾನೆಯಿಂದಲೇ ಹೋಗಬೇಕು; ಅರ್ಜಿ, ಸಹಿ, ಹಡಗು, ಗೋದಾಮು... ತಿಂಗಳುಗಟ್ಟಲೆ ಕಾದರೂ ತಲುಪಲಿಲ್ಲ. ಪಂಪಿನ ಹಿಡಿಗೆ ಊರವರು ಮೇಕೆ ಕಟ್ಟಿದರು, ಮತ್ತೆ ಗುಂಡಿಯ ನೀರಿಗೇ ಹೋದರು. ಮೇಷ್ಟ್ರ ಮಗಳು ರಕ್ತಭೇದಿಯಲ್ಲಿ ತೀರಿಕೊಂಡಳು.

ಮೇಷ್ಟ್ರು ಕಾಗದ ಹಿಡಿದು ಕೆಳಗೆ ಬಂದರು. ಅಳಲಿಲ್ಲ.

"ನಮ್ಮೂರಲ್ಲಿ ಚರ್ಮ ಹದ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಅರ್ಧ ಗಂಟೆಯಲ್ಲಿ ಕತ್ತರಿಸಿ ಕೂರಿಸುತ್ತಿದ್ದರು," ಎಂದರು. ಕಾಗದ ಮಡಿಸುತ್ತ ಕೇಳಿದರು, "ರಬ್ಬರೇ ಆಗಬೇಕು ಎಂದವರು ಯಾರು?"

"ಮೀಟಿಂಗ್‌ನಲ್ಲಿ ಡಿಸೈಡ್ ಆಯಿತು," ಎಂದೆ.

ಅವರು ತಲೆಯಾಡಿಸಿ ಮೆಟ್ಟಿಲು ಹತ್ತಿದರು. ಹೆಂಡತಿ ಒಲೆಯ ಕಡೆಗೇ ಮುಖ ಮಾಡಿಕೊಂಡು, "ಮೇಲ್ಗಡೆನೇ ಇದ್ರಲ್ಲ ರೀ, ಒಂದ್ ಮಾತು ಅವ್ರನ್ನ ಕೇಳೋಕಾಗ್ಲಿಲ್ವಾ?" ಎಂದಳು. ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಆ ಮನುಷ್ಯನ ಕೈಯ ಮುದ್ದೆ ತಿಂದೂ ಹೊಳೆದಿರಲಿಲ್ಲ. ನನ್ನ ಮೇಲೆ ಇಷ್ಟು ಹೇಸಿಗೆ ನನಗೆ ಇನ್ಯಾವತ್ತೂ ಆಗಿಲ್ಲ.

ಆ ಬೇಸಿಗೆಯಲ್ಲಿ ಅವರು ಊರಿಗೆ ಹೊರಟುಹೋದರು. ಎರಡು ಕಾಗದ ಬರೆದರು, ನಾನು ಉತ್ತರಿಸಲಿಲ್ಲ. ಆಮೇಲೆ ಯಾರೋ, ಅವರೂ ತೀರಿಕೊಂಡರೆಂದು ಹೇಳಿದರು...

ಈ ಕಥೆಯನ್ನು ನೆಂಟರ ಮುಂದೆ, ಮೊಮ್ಮಕ್ಕಳ ಮುಂದೆ ಎಷ್ಟೋ ಸಲ ಹೇಳಿದ್ದೇನೆ. ಪ್ರತಿ ಸಲವೂ "ಕಂಪನಿಯವರು ರಬ್ಬರ್ ಹಾಕಿಬಿಟ್ಟರು" ಎಂದೇ ಹೇಳಿದ್ದೇನೆ. ಹೆಂಡತಿ ಇದ್ದಾಗ, ಆ ಮಾತು ಬಂದ ಕೂಡಲೇ ಎದ್ದು ಒಳಗೆ ಹೋಗುತ್ತಿದ್ದಳು. ಈಗ ಅವಳೂ ಇಲ್ಲ. ಹಾಗೆ ಎದ್ದು ಹೋಗುವವರು ಯಾರೂ ಉಳಿದಿಲ್ಲ.